ಅತ್ತೆಯ ಕಾಲು, ಸೊಸೆಯ ಕಾಲು

ಪಕ್ಕದ ಮನೆಯ ಅಕ್ಕನಿಗೆ ರಾತ್ರಿ ಹಾಸಿಗೆಗೆ ಬೆನ್ನು ಕೊಟ್ಟರೆ ಕಾಲು ಸುಮ್ಮನಿರುವುದಿಲ್ಲ. ನೋವಲ್ಲ, ಉರಿಯಲ್ಲ. “ಮೂಳೆ ಒಳಗೆ ಇರುವೆ ಹರಿದ ಹಾಗೆ ಕಣ್ರೀ” ಅಂತಾರೆ. ಎದ್ದು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹಾಯೆನಿಸುತ್ತೆ; ಮಲಗಿದರೆ ಮತ್ತದೇ ಪಾಡು. ಕಾಂಪೌಂಡಿನ ಮೇಲಿಂದ ಕರಿಬೇವು ದಾಟಿಸುವಾಗ ಈ ಮಾತು ಬಂತು.

“ನಮ್ಮತ್ತೆಗೂ ಹೀಗೇ ಇತ್ತು. ವಾಯು ಅಂತಿದ್ರು.”

“ಅತ್ತೆ ಲೆಕ್ಕಕ್ಕಿಲ್ಲ ಅಕ್ಕ. ಇದು ರಕ್ತಸಂಬಂಧದಲ್ಲಿ ಬರೋದು.”

“ಅಯ್ಯೋ, ಅತ್ತೆ ಅಂದ್ರೆ ನಮ್ಮಪ್ಪನ ಒಡಹುಟ್ಟಿದ ತಂಗಿ! ಸೋದರತ್ತೆ ಮಗನ್ನೇ ಅಲ್ವೇ ನಾನು ಕಟ್ಕೊಂಡಿರೋದು!”

ನನ್ನ ಬಾಯಿ ಕಟ್ಟಿತು. ನಮ್ಮ ಕಡೆ ವಂಶವೃಕ್ಷ ಬರೆಯಹೊರಟ ವೈದ್ಯರ ಪೆನ್ನು ಇಂಥಲ್ಲೇ ಸಿಕ್ಕಿಕೊಳ್ಳುವುದು.

ಈ ಕಾಯಿಲೆಯನ್ನು ಲಂಡನ್ನಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಬರೆದಿಟ್ಟಿದ್ದ. ‘ರೆಸ್ಟ್‌ಲೆಸ್ ಲೆಗ್ಸ್’ ಅಂತ ಹೆಸರಿಟ್ಟು ವಿವರವಾಗಿ ಬರೆದದ್ದು ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್, 1945ರಲ್ಲಿ. ಬೇರೆ ಕಾಯಿಲೆಯ ಬೆನ್ನು ಹತ್ತಿ ಬರದೆ ತಾನಾಗೇ ಬಂದವರಲ್ಲಿ ಸುಮಾರು ಅರ್ಧ ಮಂದಿಯ ಮನೆಯಲ್ಲಿ ಇನ್ನೊಬ್ಬರಿಗೂ ಇದ್ದೇ ಇರುತ್ತೆ. ಚಿಕ್ಕ ವಯಸ್ಸಿನಲ್ಲೇ ಶುರುವಾದರಂತೂ ಮನೆತನದ ಕೈವಾಡ ಹೆಚ್ಚು. ಇದಕ್ಕೆ ನಂಟಿರುವ ಜೀನುಗಳಲ್ಲಿ ಮೊದಲ ಕೆಲವು 2007ರಲ್ಲಿ ಸಿಕ್ಕವು. ಹಾಗೆ ನೋಡಿದರೆ, “ಬಾರೋ ಪುಟ್ಟ, ಕಾಲೊತ್ತು, ಕಥೆ ಹೇಳ್ತೀನಿ” ಅಂತಿದ್ದ ಅಜ್ಜಿಯರಲ್ಲಿ ಎಷ್ಟು ಜನಕ್ಕೆ ಈ ಕಾಯಿಲೆ ಇತ್ತೋ! ನಾವು ಕಥೆ ಕೇಳಿಕೊಂಡು ಬೆಳೆದೆವು, ಅವರಿಗೇನಾಗಿದೆ ಅಂತ ಯಾರೂ ಕೇಳಲಿಲ್ಲ.

“ಹಂಗಾದ್ರೆ ಹಣೆಬರಹ ಬಿಡಿ” ಅಂದರು ಅಕ್ಕ.

ಪೂರ್ತಿ ಹಣೆಬರಹವಲ್ಲ. ಮಿದುಳಿಗೆ ಡೋಪಮೈನ್ ತಯಾರಿಸಲು ಕಬ್ಬಿಣ ಬೇಕು, ಅದು ಕಮ್ಮಿಯಾದರೆ ಕಾಲಿನ ಕಾಟ ಏರುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ; ಕರ್ನಾಟಕದಲ್ಲಿ ಹತ್ತಿರ ಹತ್ತಿರ 48. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಕೊನೆಗೆ ತಾನು ಉಣ್ಣುವ ಪದ್ಧತಿಗೂ ಈ ಲೆಕ್ಕದಲ್ಲಿ ಪಾಲಿದೆ ಅನ್ನುವುದು ನನ್ನ ಗುಮಾನಿ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಕಾಲು ಜಾಸ್ತಿ ಕಾಡುತ್ತೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಗ್ಗುತ್ತೆ. ಡಯಾಲಿಸಿಸ್‌ನಲ್ಲಿರುವವರಿಗೂ ಉಂಟು. ನೆಗಡಿಗೆ ಅಂಗಡಿಯಲ್ಲಿ ಕೇಳಿ ತರುವ, ನಿದ್ದೆ ಬರಿಸುವ ಮಾತ್ರೆಗಳಿವೆಯಲ್ಲ, ಅವು ಕಾಲಿನ ಕಾಟವನ್ನು ಕೆರಳಿಸಬಲ್ಲವು. ನಿದ್ದೆ ಬರಲೆಂದೇ ಅವನ್ನು ನುಂಗುವವರನ್ನು ಏನನ್ನಬೇಕು!

“ನನ್ನ ಹಿಮೋಗ್ಲೋಬಿನ್ ಸರಿ ಇದೆಯಲ್ಲ?”

“ಅದು ಸರಿ ಇದ್ರೂ ಒಳಗಿನ ದಾಸ್ತಾನು ಖಾಲಿಯಾಗಿರಬಹುದು ಅಕ್ಕ. ಫೆರಿಟಿನ್ ಅಂತ ಬೇರೆ ಪರೀಕ್ಷೆ ಇದೆ. ಲ್ಯಾಬಿನವರು ನಾರ್ಮಲ್ ಅಂದ್ರೂ, ಅದು 75ಕ್ಕಿಂತ ಕೆಳಗಿದ್ರೆ ಈ ಕಾಯಿಲೆಯವರಿಗೆ ಕಬ್ಬಿಣ ಕೊಡೋ ಯೋಚನೆ ಮಾಡ್ತಾರೆ ಡಾಕ್ಟ್ರು. ನೀವೇ ಮಾತ್ರೆ ತಂದು ನುಂಗ್ಬೇಡಿ, ಹೆಚ್ಚಾದ್ರೂ ಕಷ್ಟ. ಮಗಳಿಗೂ ಒಮ್ಮೆ ಕೇಳಿ.”

“ಅವಳಾ? ಕೂತಲ್ಲೆಲ್ಲ ಕಾಲು ಅಲ್ಲಾಡಿಸ್ತಾಳೆ ಅಂತ ಬೈತಾನೇ ಇರ್ತೀನಿ.”

“ಕೂತು ಅಲ್ಲಾಡಿಸೋದು ಬರೀ ಚಟವೂ ಇರಬಹುದು. ರಾತ್ರಿ ಏನಾಗುತ್ತೆ ಕೇಳಿ. ಮತ್ತೆ, ಊಟ ಆದ ತಕ್ಷಣ ಕಾಫಿ ಬೇಡ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತೋಕೆ ಅದು ಬಿಡಲ್ಲ. ನಿಂಬೆಹಣ್ಣು ಹಿಂಡ್ಕೊಳ್ಳಿ, ಒಳ್ಳೇದು. ಸಂಜೆ ಮೇಲಂತೂ ಕಾಫಿ ಬಿಟ್ಟೇಬಿಡಿ.”

ಅಕ್ಕ ಕರಿಬೇವಿನ ಕಟ್ಟನ್ನು ಸೆರಗಿಗೆ ಹಾಕಿಕೊಂಡರು. “ನಿಂಬೆಹಣ್ಣು ಸರಿ, ಪರೀಕ್ಷೆನೂ ಮಾಡಿಸ್ತೀನಿ. ಕಾಫಿ ವಿಷಯ ನಮ್ಮನೆಯವ್ರ ಮುಂದೆ ಮಾತ್ರ ಎತ್ಬೇಡಿ. ಅವ್ರೂ ಅದೇ ಅತ್ತೆ ಮಗ.”