ಚೀಲದ ಮಾವ

ಗೆಜ್ಜಲಗೆರೆ ಅನ್ನೋ ಹೆಸರು ಹೇಗೆ ಬಂತು ಅಂತ ಕೇಳಿದರೆ ನಮ್ಮ ಮಾವನ ಹತ್ತಿರ ಒಂದು ಉತ್ತರವಿದೆ, ಅತ್ತೆಯ ಹತ್ತಿರ ಇನ್ನೊಂದು. ‘ಗೆಜ್ಜೆ ಕಟ್ಕೊಂಡು ಕುಣಿದೋರ ಊರು ಕನ್ಲಾ ಇದು’ ಅಂತ ಮಾವ. ‘ಗೆಜ್ಜೇನೂ ಇಲ್ಲ ಗಿಜ್ಜೇನೂ ಇಲ್ಲ, ಗೆಜ್ಜಲು. ಬೇಕಾದ್ರೆ ನಿಮ್ಮ ಮಾವನ ಕ್ಯಾಸೆಟ್ ಪೆಟ್ಟಿಗೆ ತಗ್ದು ನೋಡು’ ಅಂತ ಅತ್ತೆ. ಇಬ್ಬರಲ್ಲಿ ಯಾರದು ಸರಿಯೋ ಬಲ್ಲವರು ಹೇಳಲಿ, ಪೆಟ್ಟಿಗೆಯನ್ನಂತೂ ನಾನು ತೆಗೆದು ನೋಡಿದ್ದೇನೆ. ಗೆಜ್ಜಲು ಹುಳ ಸಂಗೀತವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತಿಂದಿತ್ತು. ಕವರಿನ ಕಾಗದ, ಅದರ ಮೇಲೆ ಮಾವ ದುಂಡಗೆ ಬರೆದಿದ್ದ ಊರು, ತಾರೀಕು, ದುರ್ಯೋಧನನ ಪಾರ್ಟು ಯಾರದು ಎಂಬ ವಿವರ, ಎಲ್ಲ ಪುಡಿ. ಈಗ ಆ ಪೆಟ್ಟಿಗೆಯಲ್ಲಿ ಎಂಬತ್ತು ಚಿಲ್ಲರೆ ದುರ್ಯೋಧನರಿದ್ದಾರೆ. ಯಾರು ಯಾವೂರಿನವರೋ ಗೆಜ್ಜಲನ್ನೇ ಕೇಳಬೇಕು.

ಊರೂರು ಸುತ್ತಿ ರೆಕಾರ್ಡ್ ಮಾಡುವ ಹುಚ್ಚಿನ ಇಂಥವರು ನಿಮ್ಮೂರಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಕಛೇರಿಯೋ ಹರಿಕಥೆಯೋ ಕುರುಕ್ಷೇತ್ರ ನಾಟಕವೋ, ಜನರೆಲ್ಲ ರಂಗದ ಕಡೆ ನೋಡುತ್ತಿದ್ದರೆ ಇವರು ಸ್ಪೀಕರ್ ಡಬ್ಬದ ಕಡೆ ನೋಡುತ್ತಿರುತ್ತಾರೆ. ತಾವು ಚಪ್ಪಾಳೆ ತಟ್ಟುವುದಿಲ್ಲ, ಪಕ್ಕದವರು ತಟ್ಟಿದರೆ ಹುಬ್ಬು ಗಂಟಿಕ್ಕುತ್ತಾರೆ. ಕೆಮ್ಮಿದವರನ್ನು ಸಾಯುವ ತನಕ ಮರೆಯುವುದಿಲ್ಲ. ನಮ್ಮ ಬೀದಿಯ ಯಜಮಾನರೊಬ್ಬರು ಎದುರಾದರೆ ಮಾವ ಇವತ್ತಿಗೂ ಮುಖ ತಿರುಗಿಸುತ್ತಾರೆ. ಗದ್ದೆ ಬದುವಿನ ಜಗಳವೇನೋ ಅಂದುಕೊಂಡಿದ್ದೆ. ಅಲ್ಲ, ಅವರು ಶಕುನಿಯ ಕಂದಪದ್ಯದ ನಡುವೆ ಸೀನಿದ್ದರು.

ಮಾವ ಹಾಲಿನ ಸೊಸೈಟಿಯಲ್ಲಿ ಮೂವತ್ತು ವರ್ಷ ಸೆಕ್ರೆಟರಿಯಾಗಿದ್ದವರು. ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟ ಮನ್‌ಮುಲ್‌ನ ಡೇರಿ ಇರುವ ಊರಲ್ಲಿ ಹಾಲಿನ ಲೆಕ್ಕ ಬಿಟ್ಟು ಬೇರೆ ಲೆಕ್ಕ ಯಾರಿಗೂ ಹಿಡಿಸುವುದಿಲ್ಲ. ಮಾವನಿಗಂತೂ ಲೋಕವೇ ಲ್ಯಾಕ್ಟೋಮೀಟರಿನ ಮೂಲಕ ಕಾಣುತ್ತದೆ. ‘ಎಂಪಿ3 ಅಂದ್ರೆ ಕೆನೆ ತಗ್ದ ಹಾಲು ಕನ್ಲಾ. ವೇವ್ ಫೈಲು ಗಟ್ಟಿ ಹಾಲು’ ಅನ್ನುತ್ತಾರೆ. ಗಟ್ಟಿ ಹಾಲಿಗೆ ಜಾಗವೂ ಜಾಸ್ತಿ ಬೇಕು. ಅವರು ಹಿಡಿಯುವ ಗುಣಮಟ್ಟದಲ್ಲಿ ಗಂಟೆಗೆ ಹೆಚ್ಚುಕಡಿಮೆ 1 ಜಿಬಿ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಐದಕ್ಕೆ ಮುಗಿಯುವ ಕುರುಕ್ಷೇತ್ರಕ್ಕೆ 8 ಜಿಬಿ. ಕ್ಯಾಸೆಟ್ ಕಾಲದಲ್ಲಿ ಇದೇ ನಾಟಕಕ್ಕೆ ಆರು ಸಿ-90 ಬೇಕಿತ್ತು. ಸೈಡಿಗೆ 45 ನಿಮಿಷ. ಕೃಷ್ಣ ಸಂಧಾನಕ್ಕೆಂದು ಬಂದು ಬಾಯಿ ತೆರೆಯುವ ಹೊತ್ತಿಗೇ ಸೈಡು ಮುಗಿದು ಟಕ್ ಅನ್ನುತ್ತಿತ್ತು. ಮಾವನ ಸಂಗ್ರಹದಲ್ಲಿ ಸಂಧಾನ ಒಂದು ಸಲವೂ ಪೂರ್ತಿ ನಡೆದಿಲ್ಲ, ನೇರ ಯುದ್ಧ.

ಈ ಹುಚ್ಚು ನಮ್ಮ ಜಿಲ್ಲೆಗೆ ಹೊಸದಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದೂ ಹಾಡುವವರ ಹಟ್ಟಿ ಬಾಗಿಲಿಗೆ ಹೋಗಿ ಕೂತು, ಪದಗಳನ್ನು ಹಿಡಿದಿಟ್ಟು, ಕೊನೆಗೆ ರಾಮನಗರದ ಹತ್ತಿರ ಜಾನಪದ ಲೋಕವನ್ನೇ ಕಟ್ಟಿದರು. ಬೆಂಗಳೂರಿಗೆ ಹೋಗುವಾಗ ಅದರ ಮುಂದೆ ಬಸ್ಸು ಹಾದರೆ ಮಾವ ಸೀಟಿನಿಂದ ಅರ್ಧ ಎದ್ದು ಕೈ ಮುಗಿಯುತ್ತಾರೆ. ಮುಗಿದು ಕೂತ ಮೇಲೆ ಹೇಳುವುದು ಒಂದೇ ಮಾತು: ‘ಆ ಕಾಲಕ್ಕೆ ಟೇಪ್‌ರೆಕಾರ್ಡರ್ ಯಾವುದ್ರಲ್ಲಿ ಹಾಕ್ಕೊಂಡು ಹೋಗ್ತಿದ್ರೋ ಏನೋ, ಅದೊಂದು ಗೊತ್ತಾಗ್ಲಿಲ್ಲ.’

ಮಾವನ ಸಮಸ್ಯೆ ಇರುವುದು ಅಲ್ಲೇ. ಯಂತ್ರದ್ದಲ್ಲ, ಮೈಕಿನದ್ದಲ್ಲ, ಚೀಲದ್ದು. ‘ಹಾಲು ಎಷ್ಟೇ ಗಟ್ಟಿ ಇರ್ಲಿ, ಕ್ಯಾನು ಸರಿ ಇಲ್ಲ ಅಂದ್ರೆ ದಾರೀಲೇ ಒಡ್ದೋಯ್ತದೆ’ ಎಂಬುದು ಅವರ ಸಿದ್ಧಾಂತ.

ನಾಟಕದ ದಿನ ಸಾಯಂಕಾಲ ನಾಲ್ಕಕ್ಕೆ ಸಾಮಾನೆಲ್ಲ ಮಂಚದ ಮೇಲೆ ಬರುತ್ತದೆ. ಅಂಗೈಯಗಲದ ರೆಕಾರ್ಡರು. ಟವೆಲಿನಲ್ಲಿ ಸುತ್ತಿದ ಎರಡು ಮೈಕು. ಹಾವಿನಂತೆ ಸುತ್ತಿದ ಎರಡು ಕೇಬಲ್ಲು. ಹೆಡ್‌ಫೋನು, ಮಡಚುವ ಸ್ಟ್ಯಾಂಡು, ಟಾರ್ಚು, ಇನ್ಸುಲೇಷನ್ ಟೇಪು, ಮೈಕನ್ನು ಶಾಮಿಯಾನದ ಹಗ್ಗಕ್ಕೆ ಸಿಕ್ಕಿಸಲು ಬಟ್ಟೆ ಒಣಗಿಸುವ ಕ್ಲಿಪ್ಪು. ಹನ್ನೆರಡು ಸೆಲ್ಲು ಬೇಕು, ಹನ್ನೊಂದೇ ಇರುತ್ತವೆ. ಹನ್ನೆರಡನೆಯದು ಗೋಡೆ ಗಡಿಯಾರದಿಂದ ಬರುತ್ತದೆ. ಹಾಗಾಗಿ ಅತ್ತೆ ಮನೆಗೆ ಬಂದವರಿಗೆ ಗಂಟೆ ಹೇಳುವುದಿಲ್ಲ, ‘ನಾಟಕದ ದಿನದಿಂದ ನಾಕೂಕಾಲೇ ಅದೆ’ ಅನ್ನುತ್ತಾರೆ.

ಇದರ ಜೊತೆಗೆ ಗಾಳಿ ಸದ್ದು ತಡೆಯಲು ಮೈಕಿಗೆ ತೊಡಿಸುವ, ಉದ್ದ ಕೂದಲಿನ ಬೂದು ಬಣ್ಣದ ಟೋಪಿ. ಅದನ್ನು ಮೊದಲ ಸಲ ಕಂಡ ಅತ್ತೆಯ ತಾಯಿ ‘ಅಯ್ಯೋ, ಬೆಕ್ಕಿನ ಮರಿ ಚೀಲದೊಳಗೆ ಸತ್ತೋಗದೆ’ ಎಂದು ಮೊರದಲ್ಲಿ ಎತ್ತಿಕೊಂಡು ತಿಪ್ಪೆಗೆ ಹೊರಟಿದ್ದರು. ಆ ಕಸುಬಿನವರು ಇಂಗ್ಲಿಷಿನಲ್ಲಿ ಅದನ್ನು ಸತ್ತ ಬೆಕ್ಕು ಅಂತಲೇ ಕರೆಯುತ್ತಾರೆ ಎಂದು ನಾನು ಹೇಳಿದ ಮೇಲೆ ಅಜ್ಜಿಗೆ ಸಮಾಧಾನವಾಯಿತು. ಮೈಕಿಗೆ ರೆಕಾರ್ಡರಿನಿಂದ ಹೋಗುವ 48 ವೋಲ್ಟಿನ ಕರೆಂಟಿಗೆ ಫ್ಯಾಂಟಮ್, ಅಂದರೆ ದೆವ್ವ, ಅಂತ ಹೆಸರು ಎಂಬುದನ್ನು ಮಾತ್ರ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಸೊಸೈಟಿಯ ತಕ್ಕಡಿಯಲ್ಲಿ ತೂಗಿದರೆ ಎಲ್ಲ ಸೇರಿ ನಾಲ್ಕು ಕೆಜಿ ಚಿಲ್ಲರೆ. ಇಷ್ಟಕ್ಕೆ ಒಂದು ಚೀಲ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಸಿಕ್ಕವು. ಅದೇ ತೊಂದರೆ.

ಮೊದಲು ಬಂದದ್ದು ಲ್ಯಾಪ್‌ಟಾಪ್ ಬ್ಯಾಗು. ಅದನ್ನು ಹೆಗಲಿಗೆ ಹಾಕಿಕೊಂಡು ಇಸ್ತ್ರಿ ಅಂಗಿಯಲ್ಲಿ ಮಾವ ಒಂದೂರಿನ ಬೀದಿಗೆ ಕಾಲಿಟ್ಟರು. ಜಗುಲಿಯ ಮೇಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರೂ ಕೇಳದೆಯೇ ಒಬ್ಬ ಹುಡುಗ ‘ಅವ್ವ ಮನೇಲಿಲ್ಲ’ ಎಂದು ಕೂಗಿ ಹೇಳಿದ. ಸಂಘದ ಸಾಲದ ಕಂತು ವಸೂಲಿಗೆ ಬರುವವರೂ ಅಂಥದ್ದೇ ಬ್ಯಾಗು ಹಾಕಿಕೊಂಡು ಬರುತ್ತಾರೆ. ಸೋಬಾನೆ ಪದ ಹಾಡುತ್ತೇನೆಂದು ಬರಹೇಳಿದ್ದ ತಾಯಿಯೂ ಹಿತ್ತಲಿನಿಂದ ಹೊರಟುಹೋಗಿದ್ದರು.

ಆಮೇಲೆ ಕ್ಯಾಮೆರಾ ಬ್ಯಾಗು. ಒಳಗೆ ಮೆತ್ತನೆಯ ಗೂಡುಗಳು, ಎಲ್ಲ ಅಳತೆಗೆ ಸರಿ. ಆದರೆ ಅದನ್ನು ನೋಡಿದವರೆಲ್ಲ ಕೂದಲು ಬಾಚಿಕೊಂಡು ಎದುರಿಗೆ ನಿಂತರು. ಭೀಮನ ಪಾರ್ಟಿನವರು ಗದೆ ಎತ್ತಿ ಮೀಸೆ ಹುರಿ ಮಾಡಿ ಐದು ನಿಮಿಷ ನಿಂತರು. ಕೈಯಲ್ಲಿರುವುದು ಬರೀ ಧ್ವನಿ ಹಿಡಿಯುವ ಯಂತ್ರ ಎಂದಾಗ ಅವರು ನೋಡಿದ ನೋಟವನ್ನು ದುಶ್ಶಾಸನನೂ ಕಂಡಿರಲಾರ.

ಜೋಳಿಗೆ ಹಾಕಿದರೆ ‘ಕವಿಗಳು ಮೊದಲು ಎರಡು ಮಾತಾಡಲಿ’ ಎಂದು ವೇದಿಕೆಗೆ ಎಳೆದರು. ಬಿಗ್‌ಶಾಪರ್ ಹಿಡಿದರೆ ಅತ್ತೆ ಅದರ ತಳಕ್ಕೆ ಬರುವಾಗ ತರಬೇಕಾದ ಸಾಮಾನಿನ ಚೀಟಿ ಇಟ್ಟರು. ಒಂದು ಸಲ ಎರಡು ಕೆಜಿ ಈರುಳ್ಳಿಯ ಕೆಳಗೆ ಮೈಕು ಮಲಗಿ ಮನೆಗೆ ಬಂತು. ಬೆಟ್ಟ ಹತ್ತುವವರ ಬೆನ್ನುಚೀಲದಲ್ಲಿ ಹದಿನೇಳು ಜೇಬಿದ್ದವು. ಸೆಲ್ಲು ಯಾವ ಜೇಬಿನಲ್ಲಿದೆ ಎಂದು ಹುಡುಕುವಷ್ಟರಲ್ಲಿ ದ್ರೌಪದಿಯ ವಸ್ತ್ರಾಪಹರಣ ಮುಗಿದು ಪಾಂಡವರು ಕಾಡಿಗೆ ಹೋಗಿಯಾಗಿತ್ತು.

ಸದ್ದಿನ ವಿಚಾರ ಬೇರೆ. ಚೀಲಕ್ಕೂ ಒಂದು ಕಂಠವಿರುತ್ತದೆ ಎಂಬುದು ಮಾವನ ಶೋಧ. ಜಿಪ್ಪು ಜರ್ ಅನ್ನುತ್ತದೆ, ನೈಲಾನು ಸರಬರ ಅನ್ನುತ್ತದೆ, ಎಲ್ಲಕ್ಕಿಂತ ದುಷ್ಟ ವೆಲ್ಕ್ರೋ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ, 1939ರಿಂದ ನಡೆದುಬಂದಿರುವ ಆ ದೊಡ್ಡ ಪೆಂಡಾಲಿಗೆ, ಮಾವ ನನ್ನನ್ನೂ ಕರೆದುಕೊಂಡು ಹೋಗಿದ್ದರು. ರೆಕಾರ್ಡ್ ಮಾಡುವುದಕ್ಕಲ್ಲ, ಚೀಲದ ಪರೀಕ್ಷೆಗೆ. ಗಾಯಕರು ಆಲಾಪನೆಯಲ್ಲಿ ಮೇಲಿನ ಷಡ್ಜ ಮುಟ್ಟಿ ನಿಂತರು, ಪೆಂಡಾಲು ಉಸಿರು ಹಿಡಿಯಿತು, ಮಾವ ಮದ್ದೂರು ವಡೆ ತೆಗೆಯಲು ಪಕ್ಕದ ಜೇಬು ಬಿಚ್ಚಿದರು. ಚರ್ರ್! ಯಾರದೋ ಪಂಚೆ ಹರಿಯಿತೆಂದು ಮುಂದಿನ ಎರಡು ಸಾಲಿನ ಗಂಡಸರು ತಮ್ಮ ತಮ್ಮದನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ವಡೆಯ ಕುರುಕು ಬೇರೆ. ಅವತ್ತಿನಿಂದ ಚೀಲದಲ್ಲಿ ವಡೆಗೆ ಬದಲು ಬಾಳೆಹಣ್ಣು.

ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ಹಾಡುಗಾರರ ತಂಡ 1984ರಲ್ಲಿ ತನ್ನ ಕಛೇರಿಗಳಲ್ಲಿ ರೆಕಾರ್ಡ್ ಮಾಡುವವರಿಗೆಂದೇ ಬೇರೆ ಜಾಗ ಮಾಡಿಕೊಟ್ಟಿತು. ಈ ಸಂಗತಿಯನ್ನು ನಾನು ಮಾವನಿಗೆ ಹೇಳಬಾರದಿತ್ತು. ಮುಂದಿನ ಹಬ್ಬಕ್ಕೆ ನಾಟಕದ ಸಮಿತಿಯವರ ಮುಂದೆ ಹೋಗಿ, ಅಮೆರಿಕದಲ್ಲಿ ಕೊಟ್ಟವ್ರೆ, ನಮಗೂ ಕೊಡಿ ಎಂದು ಪಟ್ಟು ಹಿಡಿದರು. ಸಮಿತಿಯವರು ಒಳ್ಳೆಯವರು, ಇಲ್ಲ ಅನ್ನಲಿಲ್ಲ. ಹಗ್ಗ ಕಟ್ಟಿ, ಕುರ್ಚಿ ಹಾಕಿ, ಜಾಗ ಕೊಟ್ಟರು. ಜನರೇಟರ್ ಪಕ್ಕ.

12 ಮಾರ್ಚ್ 2023ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಪ್ರಧಾನಿ ನಮ್ಮ ಗೆಜ್ಜಲಗೆರೆಗೇ ಬಂದರು. ಅಷ್ಟು ಜನ, ಅಷ್ಟು ಸದ್ದು ಊರಿನ ಹತ್ತಿರ ಹಿಂದೆಂದೂ ಸೇರಿರಲಿಲ್ಲ. ಮಾವ ವಾರದಿಂದ ತಯಾರಿ ನಡೆಸಿದ್ದರು. ಬೆಳಿಗ್ಗೆ ಚೀಲ ಹೊತ್ತು ಕನ್ನಡಿ ಮುಂದೆ ನಿಂತರು. ಒಳಗೆ ಸೆಲ್ಲು, ಸುತ್ತಿದ ವೈರು, ಟೇಪು ಹಚ್ಚಿದ ಕೊಳವೆ, ಮಿನುಗುವ ಕೆಂಪು ದೀಪ. ಅತ್ತೆ ಒಂದೇ ಮಾತು ಹೇಳಿದರು: ‘ಹೋಗಿ, ಹೋಗಿ. ಜಾಮೀನಿಗೆ ಯಾರ್ ಬರ್ಬೇಕು ಅಂತ ಬರ್ದಿಟ್ಟು ಹೋಗಿ.’ 118 ಕಿಲೋಮೀಟರ್ ರಸ್ತೆ ಉದ್ಘಾಟನೆಯಾದ ದಿನ ಮಾವ ಹೊಸ್ತಿಲು ದಾಟಲಿಲ್ಲ. ಈಗ ಊರಲ್ಲಿ ಏನು ರೆಕಾರ್ಡ್ ಮಾಡಿದರೂ ಹಿಂದೆ ಸುಂಯ್ ಅಂತ ಆ ರಸ್ತೆಯ ಶ್ರುತಿ.

ಕೊನೆಗೆ ಮಾವ ಚೀಲ ಹುಡುಕುವುದು ಬಿಟ್ಟು ಹೊಲಿಸುವುದಕ್ಕೆ ಹೊರಟರು. ಮದ್ದೂರಿನ ಟೈಲರ್ ಅಂಗಡಿಗೆ ನಕ್ಷೆ ಸಮೇತ ಹೋದರು. ಹೊರಗೆ ದಪ್ಪ ಹತ್ತಿ ಬಟ್ಟೆ, ಒಳಗೆ ಸುತ್ತಲೂ ಹಾಸಿಗೆ ಹತ್ತಿಯ ಮೆತ್ತೆ, ಜಿಪ್ಪಿಲ್ಲ, ವೆಲ್ಕ್ರೋ ಇಲ್ಲ, ಗುಂಡಿ ಮತ್ತು ಲಾಡಿ ಮಾತ್ರ. ಒಂದೊಂದು ಸಾಮಾನಿಗೂ ಒಂದೊಂದು ಗೂಡು. ಟೈಲರು ನಕ್ಷೆಯನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿ, ಬಲು ಅಕ್ಕರೆಯಿಂದ ಕೇಳಿದರು: ‘ಮಗಿಗೆ ಎಷ್ಟು ತಿಂಗ್ಳು ಸಾ?’

ಚೀಲವೇನೋ ಚೀಲಗಳ ಚಕ್ರವರ್ತಿಯಾಗಿ ಬಂತು. ಎತ್ತಿದರೆ ಸದ್ದಿಲ್ಲ, ಇಟ್ಟರೆ ಸದ್ದಿಲ್ಲ. ಒಂದೇ ಐಬು. ನಕ್ಷೆಯಲ್ಲಿ ಹೆಡ್‌ಫೋನಿಗೆ ಗೂಡು ಹಾಕುವುದು ಮರೆತಿತ್ತು. ಗೂಡಿಲ್ಲದ ವಸ್ತುವನ್ನು ಸುಮ್ಮನೆ ತುರುಕುವುದು ಮಾವನ ಜಾಯಮಾನವಲ್ಲ. ಹೆಡ್‌ಫೋನನ್ನು ಮನೆಯಲ್ಲಿ ಮೊಳೆಗೆ ನೇತುಹಾಕಿ, ಮಳವಳ್ಳಿ ಕಡೆಯ ಒಂದೂರಿನ ಹಬ್ಬದ ಕುರುಕ್ಷೇತ್ರಕ್ಕೆ ಹೋದೆವು. ಮಾವ ಶಾಮಿಯಾನದ ಕಂಬಕ್ಕೆ ಮೈಕು ಸಿಕ್ಕಿಸಿದರು, ಕೇಬಲ್ ಎಳೆದರು, ಚೀಲದೊಳಗೇ ರೆಕಾರ್ಡರ್ ಚಾಲೂ ಮಾಡಿ ಗುಂಡಿ ಹಾಕಿದರು. ಹುಡುಗರು ಮೈಕು ಅಲ್ಲಾಡಿಸಿಯಾರೆಂದು ರಾತ್ರಿಯಿಡೀ ಕಂಬ ತಬ್ಬಿಕೊಂಡು ನಿಂತರು. ನಾನು ಟೀ ಅಂಗಡಿಯಲ್ಲಿದ್ದೆ. ಬೆಳಗಾಗುವಾಗ ಬಂದು ನೋಡಿದರೆ ಒಬ್ಬ ಅಜ್ಜಿ ನಮ್ಮ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದರು.

ಮನೆಗೆ ಬಂದು ಕೇಳಿದಾಗ ಗೊತ್ತಾಯಿತು. ರೆಕಾರ್ಡರನ್ನು ಹೊರಗಿನ ಮೈಕಿಗೆ ಬದಲಾಯಿಸುವುದನ್ನು ಮಾವ ಮರೆತಿದ್ದರು. ಹೆಡ್‌ಫೋನ್ ಇದ್ದಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಎಂಟು ಗಂಟೆ ಹಿಡಿದದ್ದು ಯಂತ್ರದ ಸ್ವಂತ ಮೈಕು, ಹಾಸಿಗೆ ಹತ್ತಿಯ ಗರ್ಭದೊಳಗಿಂದ. ನಾಟಕ ಪಕ್ಕದೂರಿನಲ್ಲಿ ನಡೆಯುತ್ತಿದ್ದಂತೆ ಎಲ್ಲೋ ಸಣ್ಣಗೆ. ಅಜ್ಜಿ ಮಾತ್ರ ಕಿವಿಯಲ್ಲೇ. ಒಂದೊಂದು ಪದ್ಯಕ್ಕೂ ಅಜ್ಜಿ ಜೊತೆಗೆ ದನಿ ಸೇರಿಸಿದ್ದಾರೆ, ಹಾರ್ಮೋನಿಯಂ ಮೇಷ್ಟ್ರಿಗಿಂತ ಅರ್ಧ ಹೆಜ್ಜೆ ಮುಂದೆ. ದುರ್ಯೋಧನ ಮಾತು ಮರೆತು ತಡವರಿಸಿದಾಗ ಮುಂದಿನ ಮಾತು ಹೇಳಿ, ‘ಹೇಳ್ಲಾ, ಹೇಳು’ ಎಂದು ಗದರಿದ್ದಾರೆ. ‘ಭೀಮ ಈ ಸತಿ ಒಸಿ ಬಡವಾಗವ್ನೆ’ ಎಂದು ಮರುಗಿದ್ದಾರೆ. ನಡುವೆ ಒಂದು ಕಡೆ, ‘ಪಾಪ, ಆ ಯಪ್ಪ ಯಾರೋ ಆಗ್ಲಿಂದ ಕಂಬ ತಬ್ಕೊಂಡು ನಿಂತವ್ನೆ. ಮನೇಲಿ ಏನ್ ಕಷ್ಟವೋ’ ಎಂದಿದ್ದಾರೆ. ಮೂರೂವರೆಗೆ ಗೊರಕೆ. ದುರ್ಯೋಧನನ ತೊಡೆ ಮುರಿದದ್ದೂ ಆ ಗೊರಕೆಯಲ್ಲಿ ಕೇಳಿಸಲಿಲ್ಲ.

ಮಾವ ಅಳಿಸಿಹಾಕುತ್ತಾರೆ ಅಂದುಕೊಂಡೆ. ಮೂರು ಸಲ ಕೇಳಿದರು. ಆಮೇಲೆ ಹೇಳಿದರು: ‘ನೋಡ್ಲಾ, ಇಂಥಾ ಮೈಕ್‌ಸೆಟ್ ಗಲಾಟೇಲೂ ಅಜ್ಜಿಗೆ ನಿದ್ದೆ ಬಂದದೆ ಅಂದ್ರೆ ಮೆತ್ತೆ ಸರಿ ಅದೆ. ಆದ್ರೆ ಗೊರಕೆ ಎಡಗಡೆ ಜೋರು, ಬಲಗಡೆ ಕಮ್ಮಿ. ಬಲಗಡೆ ಹತ್ತಿ ಒಸಿ ಜಾಸ್ತಿ ಆಗದೆ.’

ಹತ್ತಿ ಸರಿಮಾಡಿಸಲು ಮತ್ತೆ ಮದ್ದೂರಿಗೆ ಹೋದೆವು. ಅಲ್ಲಿ ಮಾವ ಒಂದು ಕ್ಷಣ ತಡೆದು, ಇಂಥದ್ದೇ ಇನ್ನೊಂದು ಹೊಲಿಯಿರಿ ಎಂದರು, ಒಳಗೆ ಗೂಡು ಬೇಡ, ಬರೀ ಹತ್ತಿ ತುಂಬಿ. ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು: ‘ಮುಂದಿನ ವರ್ಷ ಸಾಮಾನಿನ ಚೀಲ ನಾನೇ ಇಟ್ಕೋಬೇಕಲ್ಲ. ಅಜ್ಜಿ ತಲೆಗೆ ಏನು ಮಾಡ್ತದೆ?’

ಟೈಲರು ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ಮುಖವರಳಿಸಿ ಎದ್ದರು.

‘ಎರಡ್ನೇದೂ ಆಯ್ತಾ ಸಾ?’