ಬಾಟ್ಲಿಗೆ ಡಿಸ್ಕೌಂಟ್ ಇಲ್ರಿ

ಹೊಲಕ್ಕೆ ಬೋರು ಹಾಕಿಸಿದವರಿಗೆ ಎಷ್ಟು ಎಚ್‌ಪಿ ಪಂಪು ಬೇಕು ಎಂದು ಹೇಳುವ ಜಾಣರು ಗದಗಿನ ಯಾವ ಚಹಾದಂಗಡಿಯಲ್ಲಿ ಬೇಕಾದರೂ ಸಿಗುತ್ತಾರೆ. ಸಬ್‌ಮರ್ಸಿಬಲ್ ಒಳ್ಳೆಯದೋ ಮೊನೊಬ್ಲಾಕ್ ಒಳ್ಳೆಯದೋ, ವೈಂಡಿಂಗ್ ಸುಟ್ಟರೆ ಯಾರ ಕಡೆ ಒಯ್ಯಬೇಕು, ಎಲ್ಲ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನನಗೆ ಬೇಕಾಗಿದ್ದ ಪಂಪಿನ ಮಾತು ಬಂದಾಗ ಮಾತ್ರ ಗಂಡಸರು ಮುಗಿಲು ನೋಡಿದರು, ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು.

ಬಾಣಂತನ ಆಗಿದ್ದು ಲಕ್ಷ್ಮೇಶ್ವರದ ತವರಿನಲ್ಲಿ. ಕಿವಿಯಲ್ಲಿ ಹತ್ತಿ, ತಲೆಗೆ ಸ್ಕಾರ್ಫು, ಹೊರಸಿನ ಕೆಳಗೆ ಕೆಂಡ. ಬೆಳಿಗ್ಗೆ ಅಳ್ವಿ ಪಾಯಸ, ಮಧ್ಯಾಹ್ನ ಸಬ್ಬಸಿಗಿ ಪಲ್ಲೆ, ಸಂಜೆಗೆ ಅಂಟಿನ ಉಂಡಿ. ಈ ಇಡೀ ಊಟದ ಪಟ್ಟಿಯ ಗುರಿ ಒಂದೇ. ನೋಡಲು ಬಂದವರು ಯಾರೂ ‘ಹೆಂಗಿದ್ದಿ’ ಎಂದು ಕೇಳಲಿಲ್ಲ. ಮಗುವಿನ ಕುಂಚಿಗಿ ಸರಿಸಿ ಮುಖ ನೋಡುವುದು, ನನ್ನ ಕಡೆ ತಿರುಗಿ ‘ಹಾಲು ಸಾಲತಾವೇನು?’ ಎನ್ನುವುದು. ಸಾಲುತ್ತಿದ್ದವು. ಸಾಲದೆ ಇದ್ದದ್ದು ರಜೆ.

ರಾಜ್ಯ ಸರ್ಕಾರದ ನೌಕರಳಾದ ನನಗೆ ಹೆರಿಗೆ ರಜೆ 180 ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಇನ್ನೂ ಮುಂದೆ. ಕಾಗದದ ಮೇಲೆ ಎರಡೂ ಲೆಕ್ಕ ಚೊಕ್ಕ ಕೂಡುತ್ತವೆ. ಆದರೆ ತುಂಬು ಬಸುರಿ ಬೆಟಗೇರಿಯಿಂದ ಮುಂಡರಗಿ ಬಸ್ಸಿನಲ್ಲಿ ಜೋತಾಡಿಕೊಂಡು ಶಾಲೆಗೆ ಹೋಗಲಾಗದೆ ರಜೆಯನ್ನು ಮುಂಚೆಯೇ ಮುರಿಯುತ್ತಾಳೆ. ಹಾಗಾಗಿ ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ಅವ್ವನಿಗೆ ಹಾಜರಿ ಪುಸ್ತಕದ ಕರೆ ಬರುತ್ತದೆ. ಆ ನಡುವಿನ ಕಂದಕಕ್ಕೆ ಪಂಪು, ಬಾಟ್ಲಿ ಬೇಕು.

ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ತನ್ನ ಕಾವ್ಯ ಪುಲಿಗೆರೆಯ ತಿರುಳ್ಗನ್ನಡದ್ದು ಎಂದು ಆದಿಕವಿ ಪಂಪ 941ರಲ್ಲೇ ಹೆಮ್ಮೆಪಟ್ಟುಕೊಂಡಿದ್ದಾನೆ. ಅಂಥ ಊರಿನ ಮಗಳಾಗಿಯೂ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನನಗೆ ಮಾತು ಹೊರಡಲಿಲ್ಲ.

‘ಅದು ಬೇಕಾಗಿತ್ತರೀ.’

‘ಯಾವ್ದರೀ ಅಕ್ಕಾರ?’

‘ಅದರೀ... ಹಾಲಿಂದು.’

‘ಹಾಲಿನ ಪುಡಿನಾ? ಎಷ್ಟು ತಿಂಗಳ ಕೂಸಿಗೆ?’

‘ಪುಡಿ ಅಲ್ಲರೀ. ತಗಿಯೂದು.’

ಹುಡುಗ ಒಳಗೆ ಮುಖ ಮಾಡಿ ಓಣಿಗೆಲ್ಲ ಕೇಳುವಂತೆ ಕೂಗಿದ: ‘ಅಣ್ಣಾ, ಹಾಲ್ ತಗಿಯೂ ಮಷೀನ್ ಐತೇನು?’ ಒಳಗಿನಿಂದ ಉತ್ತರ ಬಂತು: ‘ಅದು ಡೈರ್ಯಾಗ ಕೇಳಂತ ಹೇಳೋ!’ ಕೆಮ್ಮಿನ ಔಷಧಿಗೆ ನಿಂತಿದ್ದ ಹಿರಿಯರೊಬ್ಬರು ನನಗೆ ಡೈರಿಯ ದಾರಿಯನ್ನೂ ವಿವರಿಸಿದರು.

ಕೊನೆಗೆ ಗದಗಿಗೇ ಹೋದೆವು. ನಮ್ಮವರದು ಬೆಟಗೇರಿಯ ನೇಕಾರರ ಮನೆತನ. ದರ ಮಾಡದೆ ಅವರು ಒಂದು ಸೂಜಿಯನ್ನೂ ಕೊಂಡವರಲ್ಲ. ಅಂಗಡಿಯವನು ಬಾಟ್ಲಿಗಳ ಸಾಲು ಹಚ್ಚಿದ: 125 ಎಂಎಲ್, 250 ಎಂಎಲ್, ಗಾಜಿಂದು, ಪ್ಲಾಸ್ಟಿಕ್ಕಿಂದು, ಸ್ಟೀಲಿಂದು, ಸಣ್ಣ ಬಾಯಿಯದು, ಅಗಲ ಬಾಯಿಯದು, ಹೊಟ್ಟೆಗೆ ಗಾಳಿ ಹೋಗದಂತೆ ತಳದಲ್ಲಿ ತೂತು ಇಟ್ಟದ್ದು. ನಿಪ್ಪಲ್ಲಿನಲ್ಲಿ ಮತ್ತೆ ಸ್ಲೋ, ಮೀಡಿಯಂ, ಫಾಸ್ಟ್. ನಮ್ಮವರು ಒಂದೊಂದನ್ನೂ ಸೀರೆಯ ಅಂಚು ಉಜ್ಜಿ ನೋಡುವ ಹಾಗೆ ಉಜ್ಜಿ ನೋಡಿ, ಅಗಲ ಬಾಯಿಯದನ್ನು ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ‘ಎಷ್ಟು ಬಿಡ್ತೀರಿ?’ ಎಂದರು.

‘ಬಾಟ್ಲಿಗೆ ಡಿಸ್ಕೌಂಟ್ ಇಲ್ರಿ ಸರ. ಕಾಯ್ದೆ ಐತಿ.’

ಇದು ವ್ಯಾಪಾರಿಯ ಹೊಸ ಪಟ್ಟು ಎಂದೇ ನಮ್ಮವರು ತಿಳಿದರು. ಗಿರಮಿಟ್ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದರೆ, ಖರೇನೇ ಇದೆ! ಮಕ್ಕಳ ಹಾಲಿನ ಪುಡಿ, ಹಾಲೂಡಿಸುವ ಬಾಟ್ಲಿ, ಶಿಶು ಆಹಾರ ಇವುಗಳ ಮಾರಾಟಕ್ಕೆ ಮೂಗುದಾರ ಹಾಕಲೆಂದು ಸಂಸತ್ತು 1992ರಲ್ಲಿ ಕಾಯ್ದೆ ಮಾಡಿ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಜಾಹೀರಾತು ಕೊಡುವಂತಿಲ್ಲ, ಮಾದರಿ ಹಂಚುವಂತಿಲ್ಲ, ಬಾಣಂತಿಗೆ ಉಡುಗೊರೆ ಕೊಡುವಂತಿಲ್ಲ, ಕೊಳ್ಳಲಿ ಎಂದು ಯಾವ ಆಮಿಷವನ್ನೂ ಒಡ್ಡುವಂತಿಲ್ಲ. ಹಾಲಿನ ಪುಡಿಯ ಡಬ್ಬಿಯ ಮೇಲೆ ಮಗುವಿನ ಫೋಟೋ ಕೂಡದು. ತಾಯಿಯ ಹಾಲೇ ಶ್ರೇಷ್ಠವೆಂದು ಡಬ್ಬಿಯೇ ಸಾರಬೇಕು. ತನ್ನನ್ನು ಕೊಳ್ಳಬೇಡ ಎಂದು ಕೈಮುಗಿಯುವ ಇನ್ನೊಂದು ಸಾಮಾನನ್ನು ನಾನು ಗದಗಿನ ಪ್ಯಾಟಿಯಲ್ಲಿ ಕಂಡಿಲ್ಲ. ಬಡವರ ಮನೆಯ ಹೊಲಸು ನೀರಿನಲ್ಲಿ ತೊಳೆದ ಬಾಟ್ಲಿ, ತೆಳ್ಳಗೆ ಕಲಸಿದ ಪುಡಿ, ಅದರಿಂದ ಭೇದಿ ಹತ್ತಿ ಸೊರಗಿದ ಕೂಸುಗಳು, ಇದನ್ನೆಲ್ಲ ಕಂಡೇ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ನೀತಿಸಂಹಿತೆ ತಂದಿತ್ತು. ನಮ್ಮ ಕಾಯ್ದೆಗೂ ಅದೇ ಮೂಲ. ಪಂಪಿಗೆ ಈ ಕಾಯ್ದೆ ಹತ್ತುವುದಿಲ್ಲ ಎಂದು ಗೊತ್ತಾದದ್ದೇ ನಮ್ಮವರು ಎದ್ದು ಹೋಗಿ, ಅದರ ಮೇಲೆ ಬಿಡಿಸಿಕೊಂಡೇ ಬಂದರು.

ಕಂಪನಿಗಳ ಬಾಯಿ ಮುಚ್ಚಿಸಿದ ಕಾಯ್ದೆಗೆ ನಮ್ಮ ಬೀಗರ ಬಾಯಿ ಮಾತ್ರ ಸಿಗಲಿಲ್ಲ. ‘ಗಾಜಿಂದ ತಗೋ, ಪ್ಲಾಸ್ಟಿಕ್ ಕಾಸಿದರ ವಿಷ’ ಎಂದರು ಒಬ್ಬರು. ‘ಗಾಜು ಒಡದರ ಯಾರ ಹೊಣಿ? ಸ್ಟೀಲು ಬೆಸ್ಟ್’ ಎಂದರು ಇನ್ನೊಬ್ಬರು. ‘ಸ್ಟೀಲಿನೊಳಗ ಹಾಲು ಎಷ್ಟು ಅದಾವು ಹೆಂಗ ಕಾಣಬೇಕು?’ ಎಂದು ಅತ್ತಿ. ಮುಂಡರಗಿ ಬಸ್ಸಿನ ಕಂಡಕ್ಟರ್ ಸಹಿತ ತನ್ನ ಹೆಂಡತಿ ಬಳಸಿದ ನಿಪ್ಪಲ್ಲಿನ ಗುಣಗಾನ ಮಾಡಿ, ಚಿಲ್ಲರೆ ಕೊಡುವುದನ್ನು ಮರೆತ.

ಶಿರಹಟ್ಟಿಯ ನಾದಿನಿ ಕರೆಂಟಿನ ಪಂಪನ್ನೇ ಕಳಿಸಿದಳು. ‘ಹೊಸಾದೈತಿ ವೈನಿ, ಒಂದ್ಸಲನೂ ಹಚ್ಚಿಲ್ಲ’ ಎಂದಳು. ಯಾಕೆ ಹಚ್ಚಿಲ್ಲ ಎಂಬುದು ಬೆಟಗೇರಿಯ ಮನೆಯಲ್ಲಿ ಅದನ್ನು ಹಚ್ಚಿದ ಮೇಲೆ ತಿಳಿಯಿತು. ನಮ್ಮ ಅವಳಿ ಊರಿನಲ್ಲಿ ನಳದ ನೀರು ಬರುವುದು ಹಬ್ಬ ಬಂದ ಹಾಗೆ. ಬಂದ ಕೂಡಲೇ ಓಣಿಯವರೆಲ್ಲ ನಳಕ್ಕೆ ಮೋಟರು ಹಚ್ಚುತ್ತಾರೆ. ನಾನು ಕೋಣೆಯ ಬಾಗಿಲು ಮುಂದೆ ಮಾಡಿ ಪಂಪಿನ ಗುಂಡಿ ಒತ್ತಿದೆ. ಅದು ಗುರ್ ಗುರ್ ಎಂದದ್ದೇ ಪಡಸಾಲೆಯಲ್ಲಿ ಮಲಗಿದ್ದ ಮಾವನವರು ‘ನಳ ಬಂತು! ನಳ ಬಂತು!’ ಎಂದು ಎದ್ದು ಕೊಡ ಹಿಡಿದು ಓಡಿದರು. ಅವರ ದನಿ ಕೇಳಿ ಮಗ್ಗುಲ ಮನೆಯವರು ಬಕೆಟ್ಟು ತಂದರು. ಪಾಳಿ ಹಚ್ಚಿ ನಿಂತ ಓಣಿಗೆ ನಿಜ ಹೇಳುವವರು ಯಾರು? ಮರುದಿನವೇ ಅದನ್ನು ಪೆಟ್ಟಿಗೆಗೆ ಸೇರಿಸಿ ಶಿರಹಟ್ಟಿಗೆ ತಿರುಗಿ ಕಳಿಸಿದೆವು.

ಅಮೆರಿಕದ ಓರ್ವೆಲ್ ನೀಡಮ್ ಎಂಬಾತ ಎದೆಹಾಲು ತೆಗೆಯುವ ಪಂಪಿಗೆ ಪೇಟೆಂಟ್ ತೆಗೆದುಕೊಂಡದ್ದು 1854ರಲ್ಲಿ. ಮುಂಡರಗಿ ಭೀಮರಾಯ ಬ್ರಿಟಿಷರ ಮೇಲೆ ಬಂಡೆದ್ದದ್ದು 1858ರಲ್ಲಿ. ಸ್ವಾತಂತ್ರ್ಯ ಬಂದು ಹೋಗಿ ಎಷ್ಟೋ ಕಾಲವಾದರೂ ಆ ಪಂಪು ಮುಂಡರಗಿ ತನಕ ಬಂದಿರಲಿಲ್ಲ. ತಾಯಿಗೆ ನೋವಾಗದಂತೆ ಎಷ್ಟು ಒತ್ತಡದಲ್ಲಿ ಎಳೆಯಬೇಕು ಎಂದು ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ಕೂತು ಲೆಕ್ಕ ಹಾಕಿದ್ದು 1950ರ ದಶಕದಲ್ಲಿ. ಅಂದರೆ ನೂರು ವರ್ಷ ಆ ಪ್ರಶ್ನೆ ಗಂಡಸರಿಗೆ ಅವಸರದ್ದು ಅನಿಸಿರಲಿಲ್ಲ.

ಕೊನೆಗೆ ನನಗೆ ಒಗ್ಗಿದ್ದು ಕೈಯಿಂದ ಒತ್ತುವ ಪಂಪು. ಕರೆಂಟು ಬೇಡ, ಸಪ್ಪಳ ಇಲ್ಲ. ಮೇಲೊಂದು ಆಲಿಕೆಯಂಥ ಬಟ್ಟಲು, ಬದಿಗೆ ಹಿಡಿಕೆ, ಕೆಳಗೆ ಬಾಟ್ಲಿ. ನಡುವೆ ಹೆಬ್ಬೆರಳ ಉಗುರಿನಷ್ಟು ಒಂದು ಬಿಳಿ ವಾಲ್ವು. ಎಲ್ಲ ಜೀವ ಇರುವುದು ಆ ವಾಲ್ವಿನಲ್ಲೇ. ಅದಿಲ್ಲದಿದ್ದರೆ ಎಷ್ಟು ಒತ್ತಿದರೂ ಬರುವುದು ಗಾಳಿ. ಒಂದು ದಿನ ಕುದಿಸಿ ಇಟ್ಟ ಪಾತ್ರೆಯಲ್ಲಿ ಆ ವಾಲ್ವೇ ಇಲ್ಲ. ಮಗು ಅಳುತ್ತಿದೆ, ಬಸ್ಸಿಗೆ ಹೊತ್ತಾಗಿದೆ, ಮನೆಯೆಲ್ಲ ಜಾಲಾಡಿದ್ದಾಯಿತು. ಅತ್ತಿ ನಿಧಾನಕ್ಕೆ ಒಗ್ಗರಣೆ ಡಬ್ಬಿ ತೆರೆದು, ಕುಕ್ಕರಿನ ಹಳೆಯ ಗ್ಯಾಸ್ಕೆಟ್ಟಿನ ನಡುವಿನಿಂದ ಅದನ್ನು ತೆಗೆದುಕೊಟ್ಟರು. ‘ಕುಕ್ಕರಿಂದು ಬಿದ್ದೈತಿ ಅಂತ ಜ್ವಾಕಿ ಮಾಡಿದ್ದೆ.’ ಸಾಸಿವೆಯ ವಾಸನೆ ಹೋಗಲು ಮತ್ತೆ ಕುದಿಸಬೇಕಾಯಿತು.

ಅತ್ತಿಯ ಎರಡನೆಯ ತಕರಾರು ಹಾಲಿನದೇ. ತೆಗೆದಿಟ್ಟ ಎದೆಹಾಲನ್ನು ಕಾಯಿಸಬಾರದು, ಕುಡಿಸುವ ಮುಂದೆ ಬೆಚ್ಚನೆಯ ನೀರಿನ ಬಟ್ಟಲಿನಲ್ಲಿ ಬಾಟ್ಲಿ ಇಟ್ಟರೆ ಸಾಕು ಎಂದು ನರ್ಸಮ್ಮ ಹೇಳಿದ್ದರು. ‘ಜಲ್ಮ ಪೂರಾ ಎಮ್ಮಿ ಹಾಲು ಕಾಸೀನಿ, ಕಾಸಲಾರದ ಹಾಲು ಒಡೀತಾವ ಯವ್ವಾ’ ಎಂದು ಅತ್ತಿ. ಸಾಧಾರಣ ಸೆಖೆಯಲ್ಲಿ ಹೊರಗಿಟ್ಟರೆ ನಾಲ್ಕು ತಾಸು ತಡೆಯುತ್ತದೆ ಎನ್ನುತ್ತಾರೆ ಡಾಕ್ಟರರು. ಅವರ ಲೆಕ್ಕ 25 ಡಿಗ್ರಿಯದು, ನಮ್ಮ ಏಪ್ರಿಲ್ಲಿನದಲ್ಲ. ಹಾಗಾಗಿ ಫ್ರಿಜ್ಜಿನಲ್ಲೇ ಇಟ್ಟೆ. ಬೆಳಗಾಗುವುದರೊಳಗೆ ಬಾಟ್ಲಿಯ ಮೇಲ್ಭಾಗದಲ್ಲಿ ಹಳದಿ ಪದರು ಕಟ್ಟಿತು. ಹಾಲಿನ ಕೊಬ್ಬು ಮೇಲೆ ಬರುವುದು ಸಹಜ, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ. ಅತ್ತಿ ಮಾತ್ರ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ಮಗ್ಗುಲ ಮನೆಯವರನ್ನು ಕರೆದರು: ‘ನೋಡ್ರಿ, ಹೆಂಗ ಕೆನಿ ಕಟ್ಟ್ಯಾವ! ನಮ್ಮ ಸೊಸೀ ಹಾಲು ತೆಳ್ಳಗ ಅದಾವು ಅಂದವರು ಯಾರು?’ ಅವತ್ತಿನಿಂದ ಕಾಯಿಸುವ ಮಾತು ಬಿಟ್ಟರು. ನನ್ನ ಮಾನ ಓಣಿಯ ಫ್ರಿಜ್ಜುಗಳಲ್ಲೆಲ್ಲ ಹಬ್ಬಿತು.

ಬಾಟ್ಲಿಯ ಗತಿ ಏನಾಯಿತು ಎಂದರೆ, ಮಗ ಅದರ ನಿಪ್ಪಲ್ಲನ್ನು ಬಾಯಿಗೆ ಹಚ್ಚಗೊಡಲಿಲ್ಲ. ಸ್ಲೋ, ಮೀಡಿಯಂ, ಫಾಸ್ಟ್ ಮೂರಕ್ಕೂ ಒಂದೇ ತೀರ್ಪು. ಆಗ ಲಕ್ಷ್ಮೇಶ್ವರದಿಂದ ಆಯಿ ತನ್ನ ಟ್ರಂಕಿನ ತಳದ ಬೆಳ್ಳಿ ಒಳಲೆ ಕಳಿಸಿದಳು. ಅವ್ವನೂ ಅದರಲ್ಲೇ ಕುಡಿದವಳು, ನಾನೂ. ಸಿಂಪಿಯಷ್ಟು ಬಟ್ಟಲು, ಮುಂದೆ ಚೂಪು ಮೂತಿ, ಒಳಗೆ ಸಂದು ಮೂಲೆ ಏನಿಲ್ಲ. ಒಂದು ಬೆರಳಲ್ಲಿ ಉಜ್ಜಿದರೆ ಸ್ವಚ್ಛ. ಆಸ್ಪತ್ರೆಯ ನರ್ಸಮ್ಮನೂ ಅದನ್ನೇ ಮೆಚ್ಚಿದರು: ‘ಬಾಟ್ಲಿ ಬ್ಯಾಡ್ರಿ, ಒಳಲೀಲೇ ಹಾಕ್ರಿ. ತೊಳಿಯಾಕೂ ಸಸಾರ, ಕೂಸೂ ಎದಿ ಬಿಡಂಗಿಲ್ಲ.’ ತಿಂಗಳು ತುಂಬದ ಕೂಸುಗಳಿಗೆ ದವಾಖಾನೆಗಳಲ್ಲಿ ಇಂದಿಗೂ ಒಳಲೆಯಲ್ಲೇ ಹಾಲು ಹಾಕುತ್ತಾರೆ. ಡಿಸ್ಕೌಂಟ್ ಸಿಗದ ಅಗಲ ಬಾಯಿಯ ಬಾಟ್ಲಿ ಈಗ ಪಂಪಿನ ಕೆಳಗೆ ಹಾಲು ಹಿಡಿಯಲು ಮಾತ್ರ.

ಇಷ್ಟೆಲ್ಲ ಬಗೆಹರಿದ ಮೇಲೂ ಶಾಲೆಯ ಪ್ರಶ್ನೆ ಉಳಿಯಿತು. ಮಗುವಿಗೆ 15 ತಿಂಗಳಾಗುವ ತನಕ ತಾಯಿಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. 2017ರ ತಿದ್ದುಪಡಿ ಐವತ್ತು ಜನ ಕೆಲಸ ಮಾಡುವ ಕಡೆ ಕೂಸಿನ ಮನೆಯನ್ನೂ ಕೇಳಿತು. ನಮ್ಮ ಶಾಲೆಯಲ್ಲಿ ಐವತ್ತು ಸಿಬ್ಬಂದಿ ಎಲ್ಲಿಂದ ಬರಬೇಕು? ನಾನು ಕೂರುವುದು ನಕಾಶೆ, ಗ್ಲೋಬು, ಮುರಿದ ಬೆಂಚು ಇಟ್ಟ ಕೋಣೆಯಲ್ಲಿ. ಎಡಗೈಯಲ್ಲಿ ಪಂಪು, ಬಲಗೈಯಲ್ಲಿ ಕೆಂಪು ಪೆನ್ನು, ಮುಂದೆ ಎಂಟನೆಯತ್ತೆಯ ಕಿರುಪರೀಕ್ಷೆಯ ಹಾಳೆಗಳು. ಆ ಬಾಗಿಲಿಗೆ ಹೊರಗೆ ಚಿಲಕವಿದೆ, ಒಳಗಿಲ್ಲ. ಬಿಸಿಯೂಟದ ಅಕ್ಕ ಅಕ್ಕಿ ಆರಿಸುವ ಮರ ಹಿಡಿದು ಹೊಸ್ತಿಲಲ್ಲಿ ಕೂತು ಕಾಯುತ್ತಾಳೆ.

ಹೆಡ್ ಮಾಸ್ತರರೇ, ಆಫೀಸಿನ ಮ್ಯಾನೇಜರರೇ, ನಿಮ್ಮಲ್ಲೂ ಯಾರೋ ಒಬ್ಬಳು ಹೆರಿಗೆ ರಜೆ ಮುಗಿಸಿ ಬರುವವಳಿರುತ್ತಾಳೆ. ತೊಟ್ಟಿಲ ಕಾರ್ಯಕ್ಕೆ ಪಟ್ಟಿ ಎತ್ತಿ ಬೆಳ್ಳಿ ಬಟ್ಟಲು ಕೊಡುವುದು ಇರಲಿ. ಒಂದು ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿಕೊಡಿ. ಗದಗಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಬಾಟ್ಲಿಗಿಂತ ಸೋವಿ, ಡಿಸ್ಕೌಂಟೂ ಕೊಡುತ್ತಾರೆ.