ಕೋಟಿನ ಒಳಮೈ ನೋಡ್ಬೇಕಣ್ಣ

ಅಲ್ಲಣ್ಣ, ಖಾಕಿ ಕಂಡಿದ್ದೆಲ್ಲ ಜಪಾನ್ ಕೋಟು ಅಂದ್ರೆ ಹೆಂಗೆ? ನಮ್ಮ ಹೊಸೂರಿನ ಮತ್ತಿಗಿರಿ ಫಾರಂ 1824ರಲ್ಲಿ ಶುರುವಾಗಿದ್ದೇ ಸೈನ್ಯಕ್ಕೆ ಕುದುರೆ ಸಾಕೋಕೆ. ಹೊಸೂರಿಗೆ ಪಟಾಲಮ್ಮಿನ ಬಟ್ಟೆ ಹೊಸದಾ? ನಿಮ್ಮ ತಾತ ಮಲಯಾ ತೋಟದಿಂದ ಯುದ್ಧ ಮುಗಿದ ಮೇಲೆ ತಂದಿದ್ದು ಅಂತೀರಿ. ಸರಿ, ಬೇಲಿ ಮೇಲೆ ಹರಡಿ, ನೋಡೇ ಬಿಡೋಣ.

ಜಪಾನಿನ ಸಿಪಾಯಿ ಕೋಟಿನ ಗುಟ್ಟೆಲ್ಲ ಒಳಗಿನ ಅಸ್ತರಿನಲ್ಲಿರುತ್ತೆ. ಮಸಿಯ ಮೊಹರು: ಟೋಕಿಯೋನೋ ಒಸಾಕಾನೋ, ಉಗ್ರಾಣದ ಹೆಸರು, ಅಳತೆ, ಇಸವಿ. ಅವರ ಶೋವಾ ಇಸವಿಗೆ 1925 ಕೂಡಿಸ್ಕೋಬೇಕು. ಕೂಡೋ ಗುರುತಿನ ಹಾಗೆ ಕಾಣೋ ಅಕ್ಷರ ಹತ್ತು. ಅದರ ಕೆಳಗೆ ಏಳಿದ್ರೆ 17, ಅಂದ್ರೆ 1942. ಮಾದರಿ ನಂಬರಿಗೆ ಬೇರೇನೇ ಲೆಕ್ಕ. 98ನೇ ಮಾದರಿ ಅಂದ್ರೆ ಮೊದಲನೇ ಚಕ್ರವರ್ತಿಯಿಂದ ಎಣಿಸಿದ 2598, ನಮಗೆ 1938. ಆಗ ಹೆಗಲ ಮೇಲಿನ ದರ್ಜೆಪಟ್ಟಿ ಕಾಲರಿಗೆ ಬಂತು. ಕೆಂಪು ಪಟ್ಟಿ, ಹಳದಿ ನಕ್ಷತ್ರ. ಒಂದೇ ನಕ್ಷತ್ರ ಇದ್ರೆ ಆಗತಾನೇ ಸೇರಿದ ಹುಡುಗ. ಆಫೀಸರುಗಳು ಮಾತ್ರ ಸ್ವಂತ ದುಡ್ಡಲ್ಲಿ ಹೊಲಿಸ್ಕೋತಿದ್ರು, ಅಲ್ಲಿ ಉಗ್ರಾಣದ ಮೊಹರು ಹುಡುಕಬಾರದು.

ನಿಮ್ಮದರಲ್ಲಿ ಏನಿದೆ? ಇಲ್ನೋಡಿ, ಮೇಲ್ಮುಖದ ಬಾಣ, ಅದರಡಿ ಇಂಗ್ಲಿಷಿನ ‘ಐ’. ಬ್ರಿಟಿಷ್ ಸರ್ಕಾರದ ಗುರುತು, ಇಂಡಿಯಾದಲ್ಲೇ ತಯಾರಾದದ್ದು. ಅದಕ್ಯಾಕೆ ಮುಖ ಸಪ್ಪೆ ಮಾಡ್ಕೋತೀರಿ? 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತಲ್ಲ, ಬ್ರಿಟಿಷರ ಉಗ್ರಾಣ ಜಪಾನಿನವರ ಪಾಲಾಯ್ತು. ಜಪಾನಿನವರ ಜೊತೆಗಿದ್ದ ನೇತಾಜಿಯ ಆಜಾದ್ ಹಿಂದ್ ಫೌಜಿನವರು ಹೆಚ್ಚಾಗಿ ತೊಟ್ಟಿದ್ದು ಬ್ರಿಟಿಷರ ಖಾಕೀನೇ, ಬಿಲ್ಲೆ ಮಾತ್ರ ಬೇರೆ. ಮಲಯಾ ತೋಟದ ಕೂಲಿಯವರೂ ಆ ಫೌಜಿಗೆ ಸೇರಿದ್ರು. ನಿಮ್ಮ ತಾತನೂ ಸೇರಿದ್ದಿರಬಹುದು. ಆದ್ರೆ ಬ್ರಿಟಿಷ್ ಪಟಾಲಮ್ಮಿನಲ್ಲಿ ಇದ್ದೋರದೂ ಇಂಥದೇ ಕೋಟು; ತೋಳಲ್ಲಿ ಬಿಲ್ಲೆ ಬಿಚ್ಚಿದ ಸೂಜಿ ತೂತು ಇದೆ, ಯಾವ ಬಿಲ್ಲೆ ಅಂತ ತೂತು ಹೇಳಲ್ಲ.

ಅತ್ತಿಗೆಗೆ ಹೇಳಿ, ಇದನ್ನ ಸೋಪಿನ ಪುಡೀಲಿ ನೆನೆಸೋದು ಬೇಡ. ಮಸಿ ಹೋದ್ರೆ ಹೋಯ್ತು, ಜೊತೆಗೆ ಇನ್ನೊಂದು ಫಜೀತಿ. ನಕಲಿ ಕೋಟು ಹಿಡಿಯೋಕೆ ಸಂಗ್ರಹಕಾರರು ನೋಟು ಪರೀಕ್ಷೆ ಮಾಡೋ ನೇರಳೆ ದೀಪ ಹಿಡೀತಾರೆ. ಈಗಿನ ಪುಡೀಲಿ ಬಿಳುಪು ಕೊಡೋ ರಾಸಾಯನಿಕ ಇರುತ್ತೆ, ಅದು ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತೆ. ಎಂಬತ್ತು ವರ್ಷದ ಅಸಲಿ ಕೋಟು ಒಂದೇ ಒಗೆತಕ್ಕೆ ನಕಲಿ ಅನ್ನಿಸ್ಕೊಳ್ಳುತ್ತೆ!

ಕೋಟು ಹಾಗಿರಲಿ, ಮೊದಲು ಟ್ರಂಕಿನ ತಳ ಕೆದಕಿ. ಕಾಗದ, ಪತ್ರ, ಹಳೇ ಫೋಟೋ ಏನಾದ್ರೂ ಇದೆಯಾ ನೋಡಿ. 1972ರಲ್ಲಿ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರು ಮಾಡ್ದಾಗ ಫೌಜಿನವರಿಂದಲೂ ಕೇಳಿದ್ದು ದಾಖಲೆ, ಕೋಟಲ್ಲ.